ಗುಂಡಮ್ಮನ ಗಡಿಗೆ

ಹಲಬರ್ಗಾದ ಕೌಸಲ್ಯಾಬಾಯಿಗೆ ಊರು ಇಟ್ಟ ಹೆಸರು ಹುಳದ ಬಾಯಿ. ಹಾಗೆ ಕರೆದವರಿಗೆ ಆಕೆ ಬಾಯಿಮಾತಿನ ಉತ್ತರ ಕೊಡುತ್ತಿರಲಿಲ್ಲ; ಅವರ ಅಂಗೈಗೇ ಒಂದು ಹಿಡಿ ಎರೆಹುಳ ಸುರಿದು ಸೇಡು ತೀರಿಸಿಕೊಳ್ಳುತ್ತಿದ್ದಳು. ಬೀದರಿನಲ್ಲಿ ಎರೆಗೊಬ್ಬರ ಮಾಡಲು ಕಲಿತು ಬಂದವಳು, ಬಸ್ಸು ಹತ್ತಿ ಔರಾದ ಕಡೆಯ ಹಳ್ಳಿಗಳ ಸಣ್ಣ ರೈತರಿಗೆ ಕಲಿಸುತ್ತಿದ್ದಳು. ಸಗಣಿ ಹಳೆಯದಿರಬೇಕು, ನೆರಳಿರಬೇಕು, ತೇವ ಆರಬಾರದು. ಇಷ್ಟೇ ಪಾಠ.

ಅಂಥ ಒಂದು ಪಾಠದಲ್ಲಿ ಹುಳ ಮುಟ್ಟಲು ಹೇಸಿ ಎದ್ದು ಓಡಿದವಳು ಗುಂಡಮ್ಮ. ತುಂಡು ತೊಗರಿ ಹೊಲದ ಆ ಹೆಣ್ಣುಮಗಳೇ ಮುಂದೆ ತನ್ನ ಓಣಿಗೆಲ್ಲ ಹುಳ ಹಂಚಿದಳು. ಆಮೇಲೆ ಮಳೆ ಕೈಕೊಟ್ಟಿತು. ಮರುವರ್ಷವೂ ಕೈಕೊಟ್ಟಿತು. ದನ ಸಂತೆಗೆ ಹೋದವು, ಮಂದಿ ಹೈದರಾಬಾದಿಗೆ ಹೊರಟರು. ರೈಲು ಹಿಡಿಯಲು ಹಲಬರ್ಗಾಕ್ಕೆ ಬಂದ ಗುಂಡಮ್ಮ, ಹಸಿ ಗೋಣಿತಟ್ಟು ಕಟ್ಟಿದ ಗಡಿಗೆಯನ್ನು ಕೌಸಲ್ಯಾಬಾಯಿಯ ಬಾಗಿಲಲ್ಲಿ ಇಳಿಸಿದಳು.

"ದನ ಮಾರಬಹುದರಿ, ಈ ಹುಳಾ ಯಾರ್ ತಗೋತಾರ? ಮಳಿ ಬಿದ್ದ ಮ್ಯಾಲ ಬಂದು ಒಯ್ತೇನಿ. ಅಲ್ಲೀತನಕ ಜೀವ ಹಿಡಸ್ರಿ."

ಕೌಸಲ್ಯಾಬಾಯಿ ಹೂಂ ಅಂದುಬಿಟ್ಟಳು. ತನ್ನ ತೊಟ್ಟಿಯ ಹುಳಗಳೊಡನೆ ಬೆರೆಸಿದ್ದರೆ ಕೆಲಸ ಹಗುರಾಗುತ್ತಿತ್ತು. ಆದರೆ ಒಬ್ಬರು ನಂಬಿ ಇಟ್ಟುಹೋದದ್ದನ್ನು ಬೆರೆಸಲು ಆಕೆಗೆ ಮನಸ್ಸು ಬರಲಿಲ್ಲ.

ಬೇಸಿಗೆಗೆ ನೀರಿನ ಟ್ಯಾಂಕರ್ ಬರುವುದೂ ತಪ್ಪಿತು. ಬೇಳೆ ತೊಳೆದ ನೀರು ಗಡಿಗೆಗೆ ಸಾಕಾಗುತ್ತಿತ್ತು, ತೊಟ್ಟಿಗೆ ಸಾಲುತ್ತಿರಲಿಲ್ಲ. ಊರೂರಿಗೆ ಪಾಠ ಹೇಳಿದವಳ ಹುಳಗಳೇ ಒಣಗಿ ಸತ್ತವು.

"ನಿನ್ನವು ಸಾಯಲಾಕತ್ತಾವ, ಮಂದೀವು ಸಾಕಲಾಕತ್ತಿ," ಎಂದ ಗಂಡ ಮಾಣಿಕ.

"ಆಕಿ ಬಂದು ಕೇಳಿದ್ರ ಏನ್ ತೋರಿಸ್ಲಿ?"

ಮಳೆ ಬಿತ್ತು. ಗುಂಡಮ್ಮನೂ ಬಂದಳು. ತಟ್ಟು ಸರಿಸಿ ಕೈ ಹಾಕಿದಳು. ಅಂಗೈ ತುಂಬ ಹುಳ ಹೊರಳಾಡಿದವು, ಆಕೆಯ ಮುಖ ಅರಳಿತು.

"ಎಲ್ಲಾ ಜೀವಂತ ಅದಾವಲ್ಲರಿ."

ಮತ್ತೆ ಮೆಲ್ಲಗೆ ಅವನ್ನು ಗಡಿಗೆಗೇ ಬಿಟ್ಟಳು.

"ಒಯ್ದು ಎಲ್ಲಿ ಇಡ್ಲಿರಿ ಬಾಯಿ? ಹೊಲ ಮಂದಿಗಿ ಪಾಲಿಗಿ ಹಾಕೀವಿ. ಊರ ಮನ್ಯಾಗಿನ ಭಾಂಡಿ-ಪಾತ್ರಿ ಒಯ್ಯಲಾಕ ಬಂದೀನಿ. ನಾವಿರೋದು ಕಟ್ಟಲಾಕತ್ತಿದ ಬಿಲ್ಡಿಂಗಿನಾಗ, ಮ್ಯಾಲಿನ ಮಜಲಿಗಿ. ಅಲ್ಲಿ ಮಣ್ಣ ಇಲ್ಲರಿ."

ಚಹಾ ಕುಡಿದು ಆಕೆ ಔರಾದದ ಬಸ್ಸಿಗೆ ಹೋದಳು. ಕೌಸಲ್ಯಾಬಾಯಿ ಆ ಹುಳಗಳನ್ನು ತನ್ನ ಬರಿದಾದ ತೊಟ್ಟಿಗೆ ಸುರಿದಳು. ತನ್ನವು ಸತ್ತಾಗ ಆಕೆ ಅತ್ತಿರಲಿಲ್ಲ. ಈಗ ಗಡಿಗೆ ತೊಳೆಯುತ್ತ ಕೂತು ಅತ್ತಳು.