ಪರದೆಯಾಚೆಯ ಸೀಟು

ವಿಮಾನ ಮಸ್ಕತ್‌ನಲ್ಲಿ ಇಳಿದಾಗ ನಾವು ಹತ್ತು ಜನ ಹಿಂದಿನಿಂದ ಸಾಲಾಗಿ ಮುಂದೆ ಬಂದೆವು. ಪರದೆ ದಾಟಿದರೆ, ಎಲ್ಲರಿಗಿಂತ ಮೊದಲೇ ಇಳಿಯಬಹುದಾಗಿದ್ದ ನನ್ನ ಅತ್ತೆ ಆ ಅಗಲವಾದ ಸೀಟಿನಲ್ಲಿ ಕಾಲು ಮಡಚಿಕೊಂಡು ಇನ್ನೂ ಕೂತೇ ಇದ್ದರು. ಮಡಿಲಲ್ಲಿ ನಮ್ಮೂರು ಮಸ್ಕಿಯಿಂದ ತಂದ ಬುತ್ತಿ, ಕಟ್ಟಿದ್ದು ಕಟ್ಟಿದಂತೆಯೇ ಇತ್ತು.

ಸಿಂಧನೂರಿನಲ್ಲಿ ಅಕ್ಕಿ ಗಿರಣಿಯ ಯಂತ್ರಗಳನ್ನು ಮಾರುವ ನನ್ನ ಗಂಡ ವ್ಯಾಪಾರಕ್ಕೆಂದು ಆಗಾಗ ವಿದೇಶಕ್ಕೆ ಹೋಗುತ್ತಾರೆ. ವಿಮಾನ ಕಂಪನಿ ಅವರಿಗೆ ಕೊಟ್ಟ ಗೋಲ್ಡ್ ಕಾರ್ಡಿನಿಂದ ಮುಂದಿನ ದುಬಾರಿ ಸಾಲಿನಲ್ಲಿ ಒಂದು ಸೀಟು ಪುಕ್ಕಟೆ ಸಿಕ್ಕಿತ್ತು. ಒಂದೇ ಒಂದು. ಮಸ್ಕತ್‌ನಲ್ಲಿರುವ ನಾದಿನಿಯ ಮಗುವನ್ನು ತೊಟ್ಟಿಲಿಗೆ ಹಾಕಲು ಹೊರಟ ಮನೆಯ ಹಿರಿಯರು, ಮೊದಲ ಸಲ ವಿಮಾನ ಹತ್ತಿದವರು, ಅತ್ತೆಗಲ್ಲದೆ ಮತ್ಯಾರಿಗೆ? ಕೈಹಿಡಿದು ಕೂರಿಸಿ, ಫೋಟೊ ತೆಗೆದು, ಹೆಮ್ಮೆಯಿಂದ ಹಿಂದೆ ಹೋಗಿದ್ದೆವು.

"ಯಾಕ್ರೀ ಅತ್ತಿ, ಏನೂ ತಿಂದಿಲ್ಲೇನ್ರೀ?" ಎಂದೆ.

"ನೀವೆಲ್ಲಾ ಇಲ್ಲಿಗೇ ಬರ್ತೀರಂತ ಹಾದಿ ನೋಡಾಕತ್ತಿದ್ದೆ ಯವ್ವಾ. ಒಬ್ಬಾಕಿನ ಹೆಂಗ ಬುತ್ತಿ ಬಿಚ್ಚಲಿ?"

ಲಿಂಗಸುಗೂರಿಗೆ ಬಸ್ಸಿನಲ್ಲಿ ಹೋಗುವಾಗಲೂ ಊರು ದಾಟಿದೊಡನೆ ಸಜ್ಜೆ ರೊಟ್ಟಿ ಮುರಿದು, ಶೇಂಗಾ ಹಿಂಡಿ ಹಾಕಿ, ಪಕ್ಕದ ಸೀಟಿನ ಗುರುತಿಲ್ಲದವರಿಗೂ ಕೊಡುವ ಕೈ ಅದು. ಅವರನ್ನು ದೊಡ್ಡವರನ್ನಾಗಿ ಮಾಡುವ ಸಡಗರದಲ್ಲಿ ನಮಗ್ಯಾರಿಗೂ ಅದು ನೆನಪಾಗಲೇ ಇಲ್ಲ.

ವಾಪಸ್ ಬರುವಾಗ ಮುಂದಿನ ಸೀಟು ಬೇಡವೆಂದು ಹೇಳಿ ಅತ್ತೆಯನ್ನು ನಮ್ಮ ನಡುವೆಯೇ ಕೂರಿಸಿಕೊಂಡೆವು. ಅವರು ದಾರಿಯುದ್ದಕ್ಕೂ ಕೈಕಟ್ಟಿ ಕೂತಿದ್ದರು. ಮಸ್ಕತ್‌ನಿಂದ ಹೊರಡುವಾಗ ಯಾರೂ ಬುತ್ತಿ ಕಟ್ಟಿರಲಿಲ್ಲ; ಹಂಚಲು ಅವರ ಹತ್ತಿರ ಏನೂ ಇರಲಿಲ್ಲ.