ನಾನೂರಾ ಹನ್ನೆರಡನೇ ಬೋಳು ಕೊಳವೆ

ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಗಾಜಿನ ಕೊಳವೆ ತೊಳೆದೂ ತೊಳೆದೂ ಅವಳು ಎಲ್ಲರ ಬಾಯಲ್ಲಿ ಟ್ಯೂಬಕ್ಕ ಆಗಿಬಿಟ್ಟಿದ್ದಳು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಸಿರಾಡುತ್ತಿತ್ತು. ಅದು ಒಮ್ಮೆಯಾದರೂ ಅಚ್ಚಿನಲ್ಲಿ ಬರಲಿ ಎಂಬುದೊಂದೇ ಅವಳ ಆಸೆ.

ಅಲ್ಲಿ ಸಾಕುತ್ತಿದ್ದದ್ದು ಬ್ರೆಡ್ಡಿನ ಮೇಲೆ ಬರುವ ಕಿತ್ತಳೆ ಬಣ್ಣದ ಬೂಷ್ಟು. ಮನೆಯಲ್ಲಾದರೆ ಮೂಗು ಮುಚ್ಚಿಕೊಂಡು ಎಸೆಯುವಂಥದ್ದು. ಇಲ್ಲಿ ಅದಕ್ಕೆ ರಾಜೋಪಚಾರ. ಜೀನ್ ಕೆಟ್ಟರೆ ಏನಾಗುತ್ತದೆಂದು ನೋಡಲು ಪ್ರೊಫೆಸರು ಅದಕ್ಕೆ ಎಕ್ಸ್-ರೇ ಹೊಡೆದು, ಒಂದೊಂದು ಬೀಜಕಣದ ಬೆಳೆಯನ್ನೂ ಎರಡೆರಡು ಕೊಳವೆಗೆ ಬಿತ್ತಿಸುತ್ತಿದ್ದರು. ಒಂದರಲ್ಲಿ ಜೀವಸತ್ವಗಳೆಲ್ಲ ಇರುವ ಭರ್ಜರಿ ಊಟ. ಇನ್ನೊಂದರಲ್ಲಿ ಸಕ್ಕರೆ, ಉಪ್ಪು, ಚಿಟಿಕೆಯಷ್ಟು ಇನ್ನೇನೋ. ಗಟ್ಟಿಮುಟ್ಟಾದ ಬೂಷ್ಟಿಗೆ ಅಷ್ಟೇ ಸಾಕು, ಉಳಿದದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬಡ ಊಟದಲ್ಲಿ ಏನೂ ಬೆಳೆಯದೆ ಕೊಳವೆ ಬೋಳಾಗಿ ಉಳಿದರೆ, "ನಮ್ಮ ಭಾಮೈದನ ಕೈಗುಣ!" ಎಂದು ಪ್ರೊಫೆಸರು ಹಣೆ ಚಚ್ಚಿಕೊಳ್ಳುತ್ತಿದ್ದರು. ಬಿತ್ತುವ ಕೆಲಸಕ್ಕೆ ಭಾಮೈದನನ್ನು ತಂದಿಟ್ಟವರೂ ಅವರೇ. ಬೋಳು ಕೊಳವೆ ಜೋಡಿ ಸಮೇತ ಕುದಿಯುವ ನೀರಿಗೆ ಹೋಗುತ್ತಿತ್ತು.

ಹತ್ತು ತಿಂಗಳು ಹೀಗೇ ಕುದಿಯಿತು. ಒಂದು ಬೆಳಗ್ಗೆ ಟ್ಯೂಬಕ್ಕ ನಾನೂರಾ ಹನ್ನೆರಡನೇ ಜೋಡಿ ಹಿಡಿದುಕೊಂಡು ಒಳಗೆ ಬಂದಳು.

"ಸಾರ್, ಇದನ್ನ ಮೂರು ಸಲ ಬಿತ್ತಿಸ್ದೆ. ಮೂರು ಸಲಾನೂ ಬೋಳು."

"ಸತ್ತಿದೆ, ಬಿಸಾಕಿ."

"ಸತ್ತಿದ್ರೆ ಎರಡು ಕಡೇನೂ ಸಾಯ್ಬೇಕಲ್ವಾ ಸಾರ್? ಭರ್ಜರಿ ಊಟದಲ್ಲಿ ನೋಡಿ ಹೇಗೆ ಕೊಬ್ಬಿದೆ! ಇದು ಸತ್ತಿಲ್ಲ, ಹಸಿದಿದೆ. ಏನೋ ಒಂದು ಮಾಡ್ಕೊಳ್ಳೋಕೆ ಬರ್ತಿಲ್ಲ ಇದಕ್ಕೆ."

ಪ್ರೊಫೆಸರ ಪೆನ್ನು ನಿಂತಿತು. ಬಡ ಊಟಕ್ಕೆ ಒಂದೊಂದೇ ಜೀವಸತ್ವ ಬೆರೆಸಿ ನೋಡಿದರೆ, ಒಂದೇ ಒಂದರಲ್ಲಿ ಬೂಷ್ಟು ಎದ್ದಿತು. "ಒಂದು ಜೀನ್ ಕೆಟ್ಟರೆ ಒಂದು ಕಿಣ್ವ ಇಲ್ಲ, ಆ ಕಿಣ್ವ ಮಾಡಬೇಕಾದ ಕೆಲಸ ಅಲ್ಲಿಗೇ ನಿಂತಿತು" ಎಂದು ಬೋರ್ಡಿನ ಮೇಲೆ ಬರೆದು, ತಮ್ಮ ಬುದ್ಧಿಗೆ ತಾವೇ ಬೆರಗಾದರು.

"ಟ್ಯೂಬಕ್ಕಾ, ಲೇಖನದಲ್ಲಿ ನಿಮ್ಮ ಹೆಸರು ಗ್ಯಾರಂಟಿ!"

ಅವಳು ಗಂಡನಿಗೆ ಹೇಳಿದಳು. ಗಂಡ ಇಡೀ ಬೀದಿಗೆ ಹೇಳಿದ.

ಲೇಖನ ಬಂತು. ಕೊನೆಯಲ್ಲಿ ಕೃತಜ್ಞತೆ: ಎಕ್ಸ್-ರೇ ಯಂತ್ರ ಕೊಟ್ಟ ಕಂಪನಿಗೆ, ಟೈಪು ಮಾಡಿಕೊಟ್ಟ ಹೆಂಡತಿಗೆ, "ಪಳಗಿದ ಕೈ"ಯ ಭಾಮೈದನಿಗೆ.

"ಸಾರ್, ನನ್ನದು..."

"ಅಯ್ಯೋ, ನೀವು ಮನೆಯವರ ಥರ! ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?"

"ಅಮ್ಮಾವ್ರಿಗೆ ಹೇಳಿದೀರಲ್ಲ ಸಾರ್."

ಪ್ರೊಫೆಸರಿಗೆ ತಟ್ಟನೆ ಯಾವುದೋ ಮೀಟಿಂಗು ನೆನಪಾಯಿತು.

ಮರುದಿನ ತೊಳೆಯುವ ಕೋಣೆಯ ಗೋಡೆ ಮೇಲೆ ಟೈಪು ಮಾಡಿದ ನೋಟೀಸು ಅಂಟಿತ್ತು. ಕೊಳವೆ ತೊಳೆಯುವ ಶ್ರೀಮತಿ ಇಂಥವರು ಇನ್ನು ಮುಂದೆ ಬೋಳು ಕೊಳವೆಗಳನ್ನು ಅಜಾಗರೂಕತೆಯಿಂದ ಎಸೆಯಕೂಡದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು. ಕೆಳಗೆ ಪ್ರೊಫೆಸರ ಸಹಿ.

ಟ್ಯೂಬಕ್ಕ ಒದ್ದೆ ಕೈ ಒರೆಸಿಕೊಂಡು ಎರಡು ಸಲ ಓದಿದಳು. ಅವಳ ಹೆಸರು ಪೂರ್ತಿಯಾಗಿ, ದಪ್ಪ ಅಕ್ಷರದಲ್ಲಿ ಇತ್ತು. ಅಮ್ಮಾವ್ರು ಟೈಪಿಂಗ್‌ನಲ್ಲಿ ನಿಜಕ್ಕೂ ಗಟ್ಟಿಗಿತ್ತಿ.