ಬಟ್ಟಲಿನ ದನಿ

ಟಿಣ್. ಟಿಣ್. ಟಿಣ್. ಆಮೇಲೆ ಒಂದು ಟಪ್. ಟಪ್ ಎಂದ ಬಟ್ಟಲು ಎಡಗಡೆಯ ಬುಟ್ಟಿಗೆ ಬೀಳುತ್ತಿತ್ತು. ಪಿಂಗಾಣಿ ಕಾರ್ಖಾನೆಯಲ್ಲಿ ಆ ಕೆಲಸಕ್ಕಿದ್ದವಳನ್ನು ಎಲ್ಲರೂ ಟಿಣ್ಣಕ್ಕ ಎಂದೇ ಕರೆಯುತ್ತಿದ್ದರು. ಬಟ್ಟಲನ್ನು ಬೆರಳ ತುದಿಯಲ್ಲಿ ಎತ್ತಿ, ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ, ಕಣ್ಣಿಗೆ ಕಾಣದ ಬಿರುಕನ್ನು ಅವಳು ಕಿವಿಯಲ್ಲಿ ಹಿಡಿಯುತ್ತಿದ್ದಳು. ತಳದಲ್ಲಿ ಅವಳ ನೀಲಿ ಗೀಟು ಬಿದ್ದರಷ್ಟೇ ಬಟ್ಟಲು ಪೇಟೆಗೆ ಹೋಗಬೇಕು.

ಅವಳಿಗಿಂತ ಮೊದಲು ಅದೇ ಮಣೆಯ ಮೇಲೆ ಅವಳ ಅತ್ತೆ ಕೂತಿದ್ದರು. ಸೊಸೆಯ ಕೈಯಲ್ಲಿ ಒಂದಿಡೀ ವರ್ಷ ಒಳ್ಳೆಯ ಬಟ್ಟಲುಗಳನ್ನಷ್ಟೇ ತಟ್ಟಿಸಿದರು.

"ಒಡೆದದ್ದು ಯಾವಾಗ ತೋರಿಸ್ತೀರಿ ಅತ್ತೆ?"

"ಮೊದಲು ಒಳ್ಳೇದು ಕಿವಿಗೆ ಹತ್ತಲಿ ತಾಯಿ. ಕೆಟ್ಟದ್ದು ತಾನಾಗೇ ಚುಚ್ಚತ್ತೆ."

ಹಾಗೆ ಕೂತವಳು ಇಪ್ಪತ್ತಾರು ವರ್ಷ ಕೂತಳು.

ಚಿಕ್ಕ ಸಾಹುಕಾರ ಬಂದ ಮೇಲೆ ತಿಂಗಳಿಗೊಂದು ಹೊಸ ನಮೂನೆ. ಚೌಕದ ಬಟ್ಟಲು, ಓರೆ ಬಟ್ಟಲು, ಮೂಗಿದ್ದ ಬಟ್ಟಲು. ಪ್ಯಾಕಿಂಗ್ ಕೋಣೆಯಲ್ಲಿದ್ದ ಅವಳ ತಂಗಿ, "ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ನೋಡ್ತಿರು" ಎಂದು ನಗುತ್ತಿದ್ದಳು. ಕೊನೆಗೆ ಮೈತುಂಬ ರಬ್ಬರಿನಂಥ ಬಣ್ಣ ಬಳಿದವು ಬಂದವು. ಮುಟ್ಟಿದರೆ ಮೆತ್ತಗೆ. ತಟ್ಟಿದರೆ ಸೀಳಿದ್ದಕ್ಕೂ ಸೀಳದ್ದಕ್ಕೂ ಒಂದೇ ದನಿ, ದಬ್.

"ಸಾಹುಕಾರ್ರೇ, ಇವು ಮಾತೇ ಆಡಲ್ಲ. ಬಣ್ಣ ಬಳಿಯೋ ಮುಂಚೆ ನನ್ನ ಹತ್ರ ಕಳಿಸಿ."

"ಅಷ್ಟು ಹೊತ್ತೆಲ್ಲಿದೆ? ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ. ಕಿವಿಗೆ ವಯಸ್ಸಾಯ್ತು ಅನ್ನಿ, ಬೇರೆಯವರನ್ನ ಕೂರಿಸೋಣ."

ಆ ಮಾತು ನಾಟಿತು. ಅದೇ ಭಯ ಅವಳೊಳಗೂ ಇತ್ತು. ಅಂದು ಕೇಳಿಸದ ಬಟ್ಟಲುಗಳಿಗೂ ಗೀಟು ಎಳೆದಳು. ಸಂಜೆಯ ಹೊತ್ತಿಗೆ ನಲವತ್ತು ಪೆಟ್ಟಿಗೆ ತುಂಬಿ ಪೇಟೆಗೆ ಹೋದವು.

ಅದರಲ್ಲೊಂದು ಬಟ್ಟಲನ್ನು ತಂಗಿ ಆಸೆಪಟ್ಟು ಮನೆಗೆ ಒಯ್ದಳು. "ನಿನ್ನ ಗೀಟು ಇದೆಯಲ್ಲ, ನನಗಿನ್ನೇನು?" ಮೂರನೆಯ ದಿನ ಕುದಿಯುವ ನೀರು ಹೊಯ್ದು ಎತ್ತಿದಾಗ ತಳ ಕಳಚಿತು. ಎದೆಯಿಂದ ತೊಡೆಯವರೆಗೆ ಚರ್ಮ ಸುಲಿದು ಬಂತು. ಆಸ್ಪತ್ರೆಯಲ್ಲಿ ಅಕ್ಕನನ್ನು ಕಂಡಾಗ ಅವಳು ಅಳಲಿಲ್ಲ.

"ನಿಂಗೆ ಕೇಳಿಸ್ಲಿಲ್ವೇನೆ ಅಕ್ಕ?" ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಟಿಣ್ಣಕ್ಕ ಸಾಹುಕಾರನ ಮೇಜಿನ ಮುಂದೆ ನಿಂತಳು.

"ಮಿಕ್ಕ ಪೆಟ್ಟಿಗೆಗಳನ್ನ ವಾಪಸ್ ತರಿಸಿ."

"ಆ ಮಾಲು ನಿಲ್ಲಿಸಿಯಾಯ್ತಲ್ಲ. ಎರಡು ತಿಂಗಳಲ್ಲಿ ಜನ ಅದನ್ನ ಎಸೆದು ಬೇರೆ ತಗೋತಾರೆ, ಬಿಡಿ."

"ಅಷ್ಟರೊಳಗೆ ಎಷ್ಟು ಜನ ಬಿಸಿ ಕುಡೀತಾರೆ? ಯಾವ್ಯಾವ ಅಂಗಡಿಗೆ ಹೋಯ್ತು ಹೇಳಿ."

"ಪಟ್ಟಿ ಇಲ್ಲೇ ಬಿದ್ದಿದೆ. ಇಟ್ಕೊಂಡು ಏನ್ಮಾಡ್ತೀರಿ, ಬಾಗಿಲು ಬಾಗಿಲು ತಟ್ತೀರಾ? ಮೊದಲು ಇದನ್ನ ನೋಡಿ ಟಿಣ್ಣಕ್ಕ, ಇವತ್ತೇ ಬಂತು. ಬಿಸಿ ಹಾಕಿದ್ರೆ ಬಣ್ಣ ಬದಲಾಗತ್ತೆ. ಮೊದಲು ನೀಲಿ, ಆಮೇಲೆ ನಿಧಾನಕ್ಕೆ..."

ಅವನು ಹೊಸ ಬಟ್ಟಲಿನಿಂದ ಕಣ್ಣೆತ್ತುವಷ್ಟರಲ್ಲಿ ಅವಳು ಪಟ್ಟಿ ಎತ್ತಿಕೊಂಡು ಬಾಗಿಲು ದಾಟಿದ್ದಳು.